ಸಿಪಾಯಿಯ ರೆಪ್ಪೆ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿದ್ದ ಗುರುವನ್ನು ಜನ ಬಣ್ಣದಯ್ಯ ಎಂದು ಕರೆಯುತ್ತಿದ್ದರು. ಅವರು ಉಪದೇಶ ಮಾಡುತ್ತಿರಲಿಲ್ಲ. ಮರದ ಗೊಂಬೆ ಕೆತ್ತಿ ಬಣ್ಣ ಹಾಕುತ್ತಿದ್ದರು. ಕಲಿಯಲು ಬಂದವರಿಂದಲೂ ಅದನ್ನೇ ಮಾಡಿಸುತ್ತಿದ್ದರು.

ಶಾಂತವೀರ ಅಲ್ಲಿಗೆ ಬಂದು ಮೂರು ವರ್ಷವಾಗಿತ್ತು. ಅವನ ಮನೆತನದವರು ದೇವರ ಗೊಂಬೆ ಬರೆಯುವವರು. ಮನೆಯ ಕೆಲಸವನ್ನೆಲ್ಲ ಕಲಿತ ಮೇಲೂ ಏನೋ ಕಡಿಮೆ ಇದೆ ಎನಿಸಿ ಬಂದಿದ್ದ. ಏನು ಕಡಿಮೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಆ ವರ್ಷ ಪಟ್ಟಣದ ಶಾಲೆಯವರು ಸಿಪಾಯಿ ಗೊಂಬೆಗಳನ್ನು ಕೇಳಿದ್ದರು. ಗುಡ್ಡ ಹತ್ತುತ್ತಿರುವ ಮೂವತ್ತು ಜನ, ಒಬ್ಬೊಬ್ಬನೂ ಒಂದು ಬೆರಳುದ್ದ. ಯುದ್ಧಕ್ಕೆ ಹೋಗಿ ಮರಳಿ ಬಾರದ ಈ ಸೀಮೆಯವರ ನೆನಪಿಗೆ.

ಗುರುಗಳು ಕೆತ್ತಿದರು. ಶಾಂತವೀರ ಬೂಟು, ಬೆಲ್ಟು, ಗುಂಡಿ, ಟೋಪಿಗಳಿಗೆ ಬಣ್ಣ ಹಾಕಿದ.

"ಇನ್ನು ಮುಖ," ಎಂದರು ಗುರುಗಳು. "ಅದನ್ನೂ ನೀನೇ ಬರಿ. ಮುಂದಿನ ಸೋಮವಾರ ಗಾಡಿ ಬರುತ್ತದೆ."

ಅದೇ ದಿನ ಆಚೆ ದಡದಿಂದ ಹರಿಗೋಲಿನಲ್ಲಿ ಒಬ್ಬ ಹೆಂಗಸು ಬಂದಳು. ಹೆಸರು ಸಾಕಮ್ಮ. ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡಿದ್ದಳು.

"ಸಿಪಾಯಿಗಳನ್ನ ಮಾಡ್ತಿದ್ದೀರಂತೆ?"

"ಹೌದು ತಾಯಿ," ಎಂದ ಶಾಂತವೀರ.

"ನನ್ನ ಮಗ ತಮ್ಮಯ್ಯನೂ ಹೋಗಿದ್ದ. ಇಪ್ಪತ್ತಾರು ವರ್ಷ ಅವನಿಗೆ. ಕಾಗದ ಬಂತು, ಅವನು ಬರಲಿಲ್ಲ. ನೋಡೋಕೂ ಆಗಲಿಲ್ಲ." ಆಕೆ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಳು. "ಇಷ್ಟು ಜನರಲ್ಲಿ ಒಬ್ಬ ಅವನಾಗಲಿ ಅಂತ ಕೇಳೋಕೆ ಬಂದೆ. ಒಂದು ಸಲ ಕಣ್ಣಾರೆ ನೋಡಿಬಿಟ್ರೆ ಸಾಕು."

ಶಾಂತವೀರನಿಗೆ ತಡೆಯಲಾಗಲಿಲ್ಲ.

"ಮಾಡಿಕೊಡುತ್ತೇನೆ ತಾಯಿ. ಥೇಟ್ ಅವನನ್ನೇ."

"ಥೇಟ್ ಅಂದೆಯಾ?" ಎಂದರು ಗುರುಗಳು.

"ಅಂದೆ."

"ಸರಿ. ನಾನೂ ಕೇಳಿಸಿಕೊಂಡೆ."

ಸಾಕಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಫೋಟೋ ಕೊಟ್ಟಳು. ಸಮವಸ್ತ್ರದ ಯುವಕ, ನೆಟ್ಟಗೆ ಕೂತಿದ್ದ.

"ಫೋಟೋದವನು ಉಸಿರು ಬಿಗಿ ಹಿಡಿ ಅಂದಿದ್ನಂತೆ. ಅದಕ್ಕೇ ಹೀಗೆ ಬಂದಿದೆ," ಎಂದಳು.

ಶಾಂತವೀರ ಅಳಿಲಿನ ಕೂದಲ ಕುಂಚಗಳಲ್ಲಿ ಅತಿ ಸಣ್ಣದನ್ನು ಆರಿಸಿಕೊಂಡ. ಭೂತಗಾಜಿನ ಕೆಳಗೆ ಗೊಂಬೆಯನ್ನಿಟ್ಟು ಮನೆಯಲ್ಲಿ ಕಲಿತ ಕ್ರಮದಲ್ಲೇ ಬರೆದ. ಮೊದಲು ಮೈಬಣ್ಣ, ಆಮೇಲೆ ತುಟಿ, ಹುಬ್ಬು. ಕಣ್ಣು ಕೊನೆಗೆ. ಅದಕ್ಕೆ ಕಣ್ಣು ತೆರೆಸುವುದು ಎಂದು ಹೆಸರು. ಅವನ ಅಜ್ಜ ಸ್ನಾನ ಮಾಡದೆ ಯಾವ ಗೊಂಬೆಗೂ ಕಣ್ಣು ತೆರೆಸಿದವನಲ್ಲ. ಶಾಂತವೀರನೂ ಹೊಳೆಯಲ್ಲಿ ಮಿಂದು ಬಂದು ಮೂವತ್ತು ಜೊತೆ ಕಣ್ಣು ತೆರೆಸಿದ. ಸಾಸಿವೆಗಿಂತ ಚಿಕ್ಕ ಜಾಗದಲ್ಲಿ ಬಿಳಿ, ಬಿಳಿಯ ನಡುವೆ ಕಪ್ಪು, ಕಪ್ಪಿನೊಳಗೆ ಒಂದು ಹೊಳಪು.

ಗಾಜಿನಲ್ಲಿ ನೋಡಿಕೊಂಡು ತನಗೆ ತಾನೇ ತಲೆದೂಗಿದ.

ಮೂವತ್ತೂ ಗೊಂಬೆಗಳನ್ನು ಜಗಲಿಯ ಹಲಗೆಯ ಮೇಲೆ ಮೂರು ಸಾಲಾಗಿ ನಿಲ್ಲಿಸಿದಾಗ ಅಡಿಗೆಯ ಈರಮ್ಮ ಮಜ್ಜಿಗೆ ತಂದಳು. ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ, ಇವರಿಗೇನಾಯ್ತೋ ಶಾಂತವೀರ? ಎಲ್ಲರೂ ಒಟ್ಟಿಗೆ ಹಾವು ತುಳಿದರಾ?"

"ಹತ್ತಿರ ಬಂದು ಗಾಜಿನಲ್ಲಿ ನೋಡಮ್ಮಾ."

"ಶಾಲೆಗೆ ಗಾಜು ಹಿಡ್ಕೊಂಡು ಯಾರು ಬರ್ತಾರಪ್ಪಾ?"

ಶಾಂತವೀರ ಗಾಜು ಒರೆಸಿದ. ಅಡಿಗೆಯವಳಿಗೆ ಏನು ಗೊತ್ತು ಎಂದುಕೊಂಡ.

ಶುಕ್ರವಾರ ಸಾಕಮ್ಮ ಬಂದಳು. ಶಾಂತವೀರ ಫೋಟೋ ನೋಡಿ ಬರೆದ ತಮ್ಮಯ್ಯನನ್ನು ಆಕೆಯ ಅಂಗೈ ಮೇಲಿಟ್ಟ. ಆಕೆ ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ ಕಣಪ್ಪಾ," ಎಂದಳು. "ಫೋಟೋದಲ್ಲಿ ಇದ್ದ ಹಾಗೇ ಇದೆ."

ಎರಡೂ ಕೈಯಿಂದ ಗೊಂಬೆಯನ್ನು ಹಿಂದಕ್ಕೆ ಕೊಟ್ಟು, ನಮಸ್ಕಾರ ಮಾಡಿ, ಹೊಳೆಯ ಕಡೆ ಇಳಿದಳು. ಈರಮ್ಮ ಕೊಟ್ಟ ಮಜ್ಜಿಗೆ ಲೋಟದಲ್ಲಿ ಹಾಗೇ ಉಳಿದಿತ್ತು.

ಆಕೆ ಬೈದಿದ್ದರೆ ಶಾಂತವೀರನಿಗೆ ಇಷ್ಟು ನೋವಾಗುತ್ತಿರಲಿಲ್ಲ.

"ಗುರುಗಳೇ, ಎಲ್ಲಿ ತಪ್ಪಿದೆ?"

ಗುರುಗಳು ಕುಂಚ ತೊಳೆಯುತ್ತಿದ್ದರು.

"ಮನೆಯಲ್ಲಿ ಯಾರನ್ನು ಬರೆಯುತ್ತಿದ್ದೆ?"

"ದೇವರನ್ನು."

"ದೇವರ ಕಣ್ಣು ಹೇಗಿರುತ್ತದೆ?"

"ಪೂರ್ತಿ ತೆರೆದಿರುತ್ತದೆ. ದೇವರು ಅನಿಮಿಷರು. ರೆಪ್ಪೆ ಮಿಟುಕಿಸುವುದಿಲ್ಲ."

ಗುರುಗಳು ಬಟ್ಟಲಿನಲ್ಲಿ ಬೆರಳದ್ದಿ ಅವನ ಮುಖಕ್ಕೆ ಫಟ್ಟನೆ ನೀರು ಚಿಮುಕಿಸಿದರು. ಶಾಂತವೀರ ಗಕ್ಕನೆ ಕಣ್ಣು ಮುಚ್ಚಿದ.

"ನೀನು ದೇವರಲ್ಲ. ಸದ್ಯ," ಎಂದರು ಗುರುಗಳು.

ಶಾಂತವೀರ ಮುಖ ಒರೆಸಿಕೊಂಡ. ಹಲಗೆಯ ಮೇಲಿನ ಮೂವತ್ತು ಜನರ ಕಡೆ ನೋಡಿದ. ಅವರೂ ಅವನನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಇವರಿಗೆ ರೆಪ್ಪೆಯೇ ಇಲ್ಲ," ಎಂದ.

"ಈಗ ಕಂಡಿತಲ್ಲ."

"ಬರೆಯುತ್ತೇನೆ. ಎಷ್ಟು ದಪ್ಪ ಬರೆಯಲಿ?"

"ಅದನ್ನು ಹೊಳೆ ಹೇಳುತ್ತದೆ. ಒಂದು ಗೊಂಬೆ ತಗೊಂಡು ಬಾ."

ಇಬ್ಬರೂ ದಂಡೆಗೆ ಹೋದರು. ಗುರುಗಳು ಗೊಂಬೆಯನ್ನು ಎತ್ತರದ ಒಂದು ಕಲ್ಲಿನ ಮೇಲೆ ನಿಲ್ಲಿಸಿ, ಶಿಷ್ಯನನ್ನು ಎರಡು ಹೆಜ್ಜೆ ಹಿಂದಕ್ಕೆ ಕರೆದರು. ಹರಿಗೋಲು ಆಗಷ್ಟೇ ಆಚೆ ದಡ ಮುಟ್ಟಿತ್ತು.

"ಒಂದು ಕಣ್ಣು ಮುಚ್ಚು. ಗೊಂಬೆಯ ಪಕ್ಕದಲ್ಲಿ, ಆಚೆ ದಡದ ಮೇಲೆ ಯಾರು ಕಾಣುತ್ತಾರೆ?"

"ಸಾಕಮ್ಮ. ಈ ಕಡೆಗೇ ತಿರುಗಿ ನಿಂತಿದ್ದಾರೆ."

"ಇಬ್ಬರಲ್ಲಿ ಯಾರು ಎತ್ತರ?"

ಶಾಂತವೀರ ಕೂತು ನೋಡಿದ, ಎದ್ದು ನೋಡಿದ. "ಇಬ್ಬರೂ ಒಂದೇ ಎತ್ತರ ಕಾಣುತ್ತಾರೆ."

"ಆಕೆಯ ಕಣ್ಣಿನ ಬಿಳಿ ಕಾಣುತ್ತದೆಯೇ?"

"ಇಲ್ಲ."

"ಕಪ್ಪು?"

"ಅದೂ ಇಲ್ಲ. ಹುಬ್ಬಿನ ಕೆಳಗೆ ಸ್ವಲ್ಪ ನೆರಳು. ಅಷ್ಟೇ."

"ಮತ್ತೆ ಸಾಕಮ್ಮ ಅಂದೆಯಲ್ಲ?"

ಶಾಂತವೀರ ಮತ್ತೆ ನೋಡಿದ. "ತಲೆ ಒಂದಿಷ್ಟು ಎಡಕ್ಕೆ ವಾಲಿದೆ. ಯಾರೋ ಕರೆದ ಹಾಗೆ ಆಯಿತೇನೋ ಎನ್ನುವಂತೆ. ಬಂದ ದಿನವೂ ಹಾಗೇ ನಿಂತಿದ್ದರು."

ಗುರುಗಳು ಗೊಂಬೆಯನ್ನು ಎತ್ತಿ ಅವನ ಕೈಯಲ್ಲಿಟ್ಟರು.

"ಬೆರಳುದ್ದ ಕಾಣುವವನು ನಿನ್ನ ಹತ್ತಿರ ಇರುವವನಲ್ಲ. ಆಚೆ ದಡದಲ್ಲಿರುವವನು."

ಶಾಂತವೀರ ಹರಿಗೋಲನ್ನು ಕೂಗಿ ಕರೆದ. ಹೊಳೆ ದಾಟಿ ಓಡಿದ. ಊರಿನ ದಾರಿಯಲ್ಲಿ ಸಾಕಮ್ಮ ಸಿಕ್ಕಳು.

"ತಾಯೀ, ತಮ್ಮಯ್ಯ ರಜೆಗೆ ಬರುವಾಗ ಎಷ್ಟು ದೂರದಿಂದ ಗುರುತು ಹಿಡಿಯುತ್ತಿದ್ದಿರಿ?"

"ಇದೇನಪ್ಪ, ಓಡಿ ಬಂದು ಕೇಳೋ ಮಾತಾ ಇದು?"

"ಹೇಳಿ ತಾಯಿ."

ಸಾಕಮ್ಮ ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತಳು.

"ಕೆರೆ ಏರಿಯ ತಿರುವಿನಿಂದಲೇ ಗೊತ್ತಾಗೋದು. ಬಿಸಿಲಿಗೆ ಕಣ್ಣು ಕಿರಿದು ಮಾಡ್ಕೊಂಡು, ಗಲ್ಲ ಮೇಲೆತ್ಕೊಂಡು ಬರೋನು. ಟೋಪಿ ಕಂಕುಳಲ್ಲಿ. ಹಾಕ್ಕೊಳ್ಳೋ ಅಂದ್ರೆ ತಲೆ ಕಡಿಯುತ್ತೆ ಅನ್ನೋನು. ಸರ್ಕಾರದ ಟೋಪಿ ಕಣೋ ಅಂದ್ರೆ, ಅದಕ್ಕೇ ಕಡಿಯುತ್ತೆ ಅನ್ನೋನು."

ಹೇಳುತ್ತಾ ಹೇಳುತ್ತಾ ಆಕೆ ನಕ್ಕಳು. ಆಕೆ ನಕ್ಕದ್ದನ್ನು ಶಾಂತವೀರ ಅದೇ ಮೊದಲು ನೋಡಿದ್ದು.

ಸೋಮವಾರ ಬೆಳಿಗ್ಗೆ ಬನ್ನಿ ಎಂದು ಹೇಳಿ ಅವನು ಹಿಂದಿರುಗಿ, ಮೂವತ್ತು ಮುಖಗಳನ್ನೂ ಸಣ್ಣ ಅಲಗಿನಿಂದ ಕೆರೆದು ತೆಗೆದ. ಭೂತಗಾಜನ್ನು ಪೆಟ್ಟಿಗೆಯಲ್ಲಿಟ್ಟ.

ಟೋಪಿಗಳನ್ನು ಗುರುಗಳು ತಲೆಯ ಮೇಲೇ ಕೆತ್ತಿಯಾಗಿತ್ತು, ಅದಕ್ಕೇನೂ ಮಾಡುವಂತಿರಲಿಲ್ಲ. ಆದರೆ ಮುಂದಿನ ಸಾಲಿನಲ್ಲಿ ಗಲ್ಲ ಮೇಲೆತ್ತಿದವನೊಬ್ಬನಿದ್ದ. ಶಾಂತವೀರ ಅವನನ್ನೇ ತಮ್ಮಯ್ಯನಿಗೆ ಆರಿಸಿಕೊಂಡ. ಶನಿವಾರ ಇಡೀ ದಿನ ಅವನೊಬ್ಬನಿಗೇ ಹಿಡಿಯಿತು. ಹುಬ್ಬಿನಡಿ ಕೆಂಗಂದು ನೆರಳು. ಕಣ್ಣಿಗೆ ಒಂದೇ ಗೆರೆ, ಅದರ ಮೇಲೆ ರೆಪ್ಪೆಯ ತೆಳು ಬೆಳಕು. ಮೂಗಿನ ಮೇಲೆ, ಕೆನ್ನೆಯ ಮೂಳೆಯ ಮೇಲೆ, ಕೆಳತುಟಿಯ ಮೇಲೆ ಸ್ವಲ್ಪ ಬಿಸಿಲು. ದವಡೆಗೆ ಎರಡು ದಿನದ ಗಡ್ಡದ ಬೂದು ನೀಲಿ. ಎರಡು ಹೆಜ್ಜೆ ಹಿಂದೆ ಸರಿದು ನೋಡುವುದು, ಮತ್ತೆ ಬಂದು ಕೂರುವುದು.

ಭಾನುವಾರ ಉಳಿದವರನ್ನು ಬರೆದ. ಹರಿಗೋಲಿನವನು, ತನ್ನ ಸೋದರಮಾವ, ಊರಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದವನು, ಹೀಗೆ ದೂರದಿಂದ ಗುರುತು ಸಿಗುವವರನ್ನೆಲ್ಲ ನೆನೆಸಿಕೊಂಡು ಬರೆದ. ಕೊನೆಯವನು ಹಿಂದಿನ ಸಾಲಿನಲ್ಲಿ ನೀರಿನ ಕ್ಯಾನು ಹೊತ್ತವನು. ಅವನ ಹೊತ್ತಿಗೆ ನೆನೆಯಲು ಯಾರೂ ಉಳಿದಿರಲಿಲ್ಲ. ಯಾರನ್ನೂ ನೆನೆಯದೆ, ಕುಂಚದಲ್ಲಿ ಉಳಿದಿದ್ದ ಬಣ್ಣದಲ್ಲೇ ಮುಗಿಸಿದ.

ಈರಮ್ಮ ಬಾಗಿಲಿನಿಂದಲೇ ನೋಡಿದಳು.

"ಈಗ ಪರವಾಗಿಲ್ಲ. ಇವರನ್ನ ಊಟಕ್ಕೆ ಕರೀಬಹುದು."

ಸೋಮವಾರ ಬೆಳಿಗ್ಗೆ, ಗಾಡಿ ಬರುವುದಕ್ಕೂ ಮೊದಲು, ಸಾಕಮ್ಮ ಬಂದಳು. ಶಾಂತವೀರ ಗೊಂಬೆ ತೆಗೆದು ಕೊಡಲು ಕೈ ಚಾಚಿದ. ಗುರುಗಳು ಅವನ ಮಣಿಕಟ್ಟು ಹಿಡಿದರು.

ಸಾಕಮ್ಮ ಹಲಗೆಯಿಂದ ಎರಡು ಹೆಜ್ಜೆ ದೂರ ನಿಂತಳು. ಮುಂದಿನ ಸಾಲನ್ನು ನೋಡುತ್ತಾ ಹೋದಳು. ಗಲ್ಲ ಎತ್ತಿದವನ ಹತ್ತಿರ ಬಂದಾಗ ಶಾಂತವೀರ ಉಸಿರು ಹಿಡಿದ. ಆಕೆಯ ನೋಟ ಅವನ ಮೇಲೆ ನಿಲ್ಲದೆ ಮುಂದೆ ಸಾಗಿತು.

ನಡುವಿನ ಸಾಲೂ ಮುಗಿಯಿತು.

ಆಮೇಲೆ ಆಕೆ ಮೊಣಕಾಲೂರಿ ಕೂತಳು. ತಲೆ ಎಡಕ್ಕೆ ವಾಲಿತು.

"ಇಗೋ," ಎಂದಳು. "ಇಲ್ಲಿದ್ದಾನೆ."

ನೀರಿನ ಕ್ಯಾನು ಹೊತ್ತವನು.

"ಎಲ್ಲಿ ಹೋದ್ರೂ ಹಿಂದೆ ನಿಲ್ಲೋನು. ಮುಂದೆ ಬಾರೋ ಅಂದ್ರೆ ಕೇಳಿದವನಲ್ಲ. ಬೇರೆಯವರ ಭಾರ ಎಲ್ಲ ಇವನ ಮೇಲೇ." ಬೆರಳ ತುದಿಯಿಂದ ಗೊಂಬೆಯ ಬೆನ್ನು ಮುಟ್ಟಿದಳು. "ಬಿಸಿಲು ಜಾಸ್ತಿನಾ ಮಗಾ? ಹಾಕ್ಕೊಂಡಿದ್ದೀಯಲ್ಲ ಟೋಪಿ, ಒಳ್ಳೇದಾಯ್ತು."

ಶಾಂತವೀರ ಏನೋ ಹೇಳಲು ಬಾಯಿ ತೆರೆದ. ಗುರುಗಳ ಹಿಡಿತ ಬಿಗಿಯಾಯಿತು. ಅವನು ಬಾಯಿ ಮುಚ್ಚಿದ.

ಸಾಕಮ್ಮ ಸಾಕೆನಿಸುವಷ್ಟು ಹೊತ್ತು ಕೂತಳು. ಈರಮ್ಮ ತಂದ ಮಜ್ಜಿಗೆಯನ್ನು ಪೂರ್ತಿ ಕುಡಿದು, ಉಪ್ಪು ಕಡಿಮೆಯಾಯಿತು ಎಂದಳು. ಇನ್ನೊಂದು ಲೋಟ ಕೇಳಿದಳು. ಹೊರಡುವಾಗ ಶಾಂತವೀರನ ಕೆನ್ನೆ ಸವರಿದಳು.

"ಥೇಟ್ ಅವನೇ ಕಣಪ್ಪಾ."

ಹರಿಗೋಲು ದಡ ಬಿಟ್ಟಿತು. ಆಕೆ ಈಚೆ ಕಡೆಗೇ ಮುಖ ಮಾಡಿ ಕೂತಿದ್ದಳು. ದೂರದಿಂದಲೂ ಆಕೆಯ ಭುಜ ಹಗುರಾದದ್ದು ಕಾಣುತ್ತಿತ್ತು.

ಶಾಂತವೀರ ಮುಂದಿನ ಸಾಲಿನ ಗಲ್ಲ ಎತ್ತಿದವನನ್ನು ಕೈಗೆತ್ತಿಕೊಂಡ.

"ಗುರುಗಳೇ, ನಾನು ಬರೆದ ತಮ್ಮಯ್ಯ ಇವನು. ಆಕೆ ಕಂಡದ್ದು ಬೇರೆಯವನನ್ನು."

"ಹೌದು."

"ಆಕೆಯ ಮಗ ಅವನೇ ಆದರೆ, ಇವನು ಯಾರು?"

ಗುರುಗಳು ಗೊಂಬೆಯನ್ನು ಅವನ ಕೈಯಿಂದ ಬಿಡಿಸಿಕೊಂಡರು. ಅದರ ಜಾಗದಲ್ಲೇ ನಿಲ್ಲಿಸಿ, ಸಾಲು ಸರಿಮಾಡಿದರು.

"ಗೊತ್ತಿಲ್ಲ. ಇವನ ತಾಯಿ ಇನ್ನೂ ಬಂದಿಲ್ಲ."