ಗಾಣ ಊರಿನದು, ಎತ್ತು ಅವರವರದು

“ಗುರುಗಳೇ, ನಿನ್ನೆ ಮೊನ್ನೆಯವರೆಗೆ ಸರಿಯಾಗಿದ್ದದ್ದು ಏಕಾಏಕಿ ಕೆಲಸಕ್ಕೆ ಬಾರದ್ದು ಹೇಗಾಗುತ್ತದೆ?” ಎಂದು ಶಿಷ್ಯ ಕೇಳಿದ.

ಮಠದ ಪುಸ್ತಕಭಂಡಾರದ ಕಂಪ್ಯೂಟರಿನಲ್ಲಿ ನಿನ್ನೆಯಿಂದ ಬ್ರೌಸರ್ ತೆರೆಯುತ್ತಿರಲಿಲ್ಲ. ಅದರ ಮುಂದೆ ದಿನವೂ ಕೂತು ಒಂದೇ ಬೆರಳಿನಲ್ಲಿ ಪುಸ್ತಕಗಳ ಹೆಸರು ಒತ್ತುತ್ತಿದ್ದವರು ಮುದುಕರಾದ ವೀರಭದ್ರಯ್ಯ ಮೇಷ್ಟ್ರು. ಅವರೇ ಏನೋ ಕೆಡಿಸಿದರೆಂದು ಶಿಷ್ಯ ಎಲ್ಲರೆದುರು ಗದರಿಬಿಟ್ಟಿದ್ದ. ಇವತ್ತು ಪರದೆಯ ಮೇಲಿನ ಸಾಲನ್ನು ಸಾವಧಾನವಾಗಿ ಓದಿದರೆ, ಬ್ರೌಸರಿನ ಹೊಸ ಆವೃತ್ತಿಗೆ ಇನ್ನೂ ಬಲವಾದ ಪ್ರೊಸೆಸರ್ ಬೇಕು, ಇದು ಸಾಲದು ಎಂದಿತ್ತು. ಪ್ರೊಸೆಸರ್ ಕೊಂಡ ದಿನದ್ದೇ, ಕೆಟ್ಟೂ ಇಲ್ಲ. ಶಿಷ್ಯನಿಗೆ ತಲೆಬುಡ ತಿಳಿಯಲಿಲ್ಲ. ಇದನ್ನೆಲ್ಲ ಗುರುಗಳಿಗೆ ಒಪ್ಪಿಸಿದ; ಮೇಷ್ಟ್ರನ್ನು ಗದರಿದ್ದನ್ನು ಮಾತ್ರ ಹೇಳಲಿಲ್ಲ. ಮೇಷ್ಟ್ರು ಇವತ್ತು ಬಂದಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಆಲೆಮನೆ. ಕಬ್ಬಿನ ಗಾಣ ಊರಿನದು, ಎಳೆಯುವ ಎತ್ತು ಅವರವರದು. ಒಬ್ಬ ರೈತ ಬೀಗರ ಊರಿಗೆ ಹೋಗಿ ಬಂದ. ಬಂದವನೇ ಕಬ್ಬು ಕಡಿಸಿ, ತನ್ನ ಸರದಿಗೆ ಎತ್ತನ್ನು ಗಾಣಕ್ಕೆ ಹೂಡಿದ. ವರ್ಷವರ್ಷವೂ ಅದೇ ಗಾಣ ಎಳೆದ ಎತ್ತು. ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟಿತು.

ರೈತನಿಗೆ ದಿಕ್ಕು ತೋಚಲಿಲ್ಲ. ಗೊರಸು ನೋಡಿದ, ಬಾಯಿ ಬಿಡಿಸಿ ನೋಡಿದ. ಯಾರೋ ದೃಷ್ಟಿಯಾಗಿದೆ ಎಂದರು. ರೈತನೋ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆಸಾಮಿ. ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದ. ನೆನೆಸಿದ ಹುರುಳಿ ತಿನ್ನಿಸಿದ. ಎತ್ತು ತಿಂದಿತು, ಎಳೆಯಲಿಲ್ಲ. ಮುಂದಿನ ಸರದಿಗೆ ಕಾದಿದ್ದವರು ಗೊಣಗತೊಡಗಿದರು. ಕಡಿದ ಕಬ್ಬು ಕಾಯುವುದಿಲ್ಲ. ಸಿಟ್ಟು ನೆತ್ತಿಗೇರಿ ರೈತ ಬಾರುಕೋಲು ಎತ್ತಿದ. ಎತ್ತು ಮಂಡಿಯೂರುವವರೆಗೂ ಹೊಡೆದ.

ಒಲೆಯ ಮುಂದಿದ್ದ ಗಾಣದವನು ಓಡಿಬಂದ.

“ಅಯ್ಯೋ ಮಾರಾಯ, ಹೊಡೀಬೇಡ! ಗಾಣದ ಉರುಳೆ ಬದಲಾಯಿಸಿದೀನಿ. ಹಳೇವು ಸೀಳಿದ್ವು, ಅರ್ಧ ರಸ ಸಿಪ್ಪೇಲೇ ಉಳೀತಿತ್ತು. ಇವು ಭಾರ. ಎಳೇ ಪ್ರಾಯದ ಎತ್ತೇ ಬೇಕು.”

“ಹಂಗಾದ್ರೆ ನನ್ನ ಎತ್ತಿಗೆ ಏನಾಗಿದೆ?”

“ಏನೂ ಆಗಿಲ್ಲ.”

ಏನೂ ಆಗದ ಎತ್ತು ನಿನ್ನೆ ಸಾಕಾಗಿ ಇವತ್ತು ಸಾಲದೆ ಹೋದದ್ದು ಹೇಗೆಂದು ರೈತನಿಗೆ ಕೊನೆಗೂ ಬಗೆಹರಿಯಲಿಲ್ಲ. ನೆರೆಯವನ ಎತ್ತು ಕಟ್ಟಿ ಕಬ್ಬು ಅರೆಸಿದ. ಬೆಲ್ಲ ಚೆನ್ನಾಗಿಯೇ ಬಂತು. ಮನೆಗೆ ಹೋಗಿ, ಪಾಪ ಅನ್ನಿಸಿ, ಎತ್ತಿನ ಕೊರಳು ಸವರಲು ಕೈ ಚಾಚಿದ. ಅದು ಬೆದರಿ ಗೋಡೆಗೆ ಒತ್ತಿಕೊಂಡಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಇನ್ನಷ್ಟು ಗೊಂದಲಕ್ಕೆ ಬಿದ್ದ.

“ಉರುಳೆ ಸೀಳಿತ್ತು, ಬದಲಿಸಿದವನದು ತಪ್ಪೆನ್ನುವಂತಿಲ್ಲ. ಎತ್ತಿನದಂತೂ ಅಲ್ಲವೇ ಅಲ್ಲ. ಹಾಗಾದರೆ ತಪ್ಪು ಯಾರದು, ಗುರುಗಳೇ?”

ಗುರುಗಳು ಕಂಪ್ಯೂಟರಿನ ಮುಂದಿನ ಖಾಲಿ ಕುರ್ಚಿಯನ್ನು ನೋಡಿದರು. ಮೇಷ್ಟ್ರು ಮರೆತುಹೋದ ಕನ್ನಡಕ ಅಲ್ಲೇ ಇತ್ತು.

“ತಪ್ಪು ಯಾರದೋ ಇರಲಿ ಮಗು, ಬಾರುಕೋಲು ಯಾರ ಕೈಯಲ್ಲಿತ್ತು?”