ಹಿಮಗುಹೆಯ ಕಪ್ಪು ಗೆರೆ

"೧೯೬೯, ಮೇ ೧೧. ಹಿಮಗುಹೆಯೊಳಗೆ ಅಳತೆ. ಮಂಜುಗಡ್ಡೆಯ ತುಂಬ ಬಿಳಿ ಪಟ್ಟೆ, ವರ್ಷಕ್ಕೊಂದು. ನಡುವೆ ಒಂದೇ ಒಂದು ಕಪ್ಪು ಗೆರೆ." ತಾರಿಣಿ ಅಜ್ಜಿ ತಮ್ಮ ಹಳೆಯ ದಿನಚರಿ ಓದಿ ಕನ್ನಡಕ ತೆಗೆದರು.

"ಯಾರಜ್ಜಿ ಗೀಚಿದ್ದು?" ಮೊಮ್ಮಗಳು ಇಂಚರಾ ಕೇಳಿದಳು.

"ಗೀಚಿದ್ದಲ್ಲ ಕಣೇ. ಮಂಜುಗಡ್ಡೆ ಕರಗಿ ಧೂಳು ಕೂತಿದ್ದು. ಯಾಕೆ ಕರಗಿತು ಅಂತ ಕೇಳು."

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಎತ್ತರದ ಬೆಟ್ಟದಲ್ಲಿ ಒಂದು ಗುಹೆ ಇತ್ತು. ಅದರ ಬಳಿಗೆ ಮಾಗಿಗಾಳಿಯ ಹೊರತು ಯಾರೂ ಬರುತ್ತಿರಲಿಲ್ಲ.

"ಏನೇ, ಬಾಯಿ ತೆರಕೊಂಡೇ ಕೂತಿದ್ದೀಯಲ್ಲ! ನನ್ನನ್ನೇ ಕಾಯ್ತಿದ್ಯಾ?" ಅಂದ ಗಾಳಿ.

"ಮುಚ್ಚೋಕೆ ಬಾಗಿಲಿದ್ದರೆ ತಾನೇ!" ಅಂದಿತು ಗುಹೆ. ಆದರೆ ಕಾಯುತ್ತಿದ್ದದ್ದು ನಿಜ.

ಚಳಿ ಮುಗಿದಾಗ ಗಾಳಿ ಹೊರಟ.

"ಇನ್ನೊಂಚೂರು ಇರು."

"ಇರಲಾರೆ. ನನ್ನ ಉಸಿರು ಬಿಟ್ಟುಹೋಗ್ತೀನಿ. ಅದು ಭಾರ, ನಿನ್ನ ತಳದಲ್ಲೇ ಕೂರುತ್ತೆ. ಬೇಸಿಗೆಯ ಗಾಳಿ ಹಗುರ, ಮೇಲಿಂದಲೇ ತೇಲಿಹೋಗುತ್ತೆ."

ಹಾಗೇ ಆಯಿತು. ಆ ಉಸಿರಿಗೆ, ತೊಟ್ಟಿಕ್ಕುವ ನೀರು ಗಡ್ಡೆಗಟ್ಟಿತು. ಗಾಳಿಗುಳ್ಳೆ, ಹೂವಿನ ಪರಾಗ, ಚಿಟಿಕೆ ಧೂಳು ಅದರೊಳಗೆ ಸೇರಿದವು. ಪ್ರತಿ ವರ್ಷ ಗಾಳಿ ಬಂದುಹೋದ. ಪ್ರತಿ ವರ್ಷ ಒಂದು ಪಟ್ಟೆ ಉಳಿಯಿತು. ಅವನಿಲ್ಲದಾಗ ಗುಹೆ ಪಟ್ಟೆಗಳನ್ನೇ ಸವರಿಕೊಂಡು ಕಾಯುತ್ತಿತ್ತು.

ಒಂದು ಮಾಗಿಯ ಮೊದಲಿಗೆ ತಾಯಿಕರಡಿ ಬಂದಳು. ಬಂಡೆ ಉರುಳಿ ಅವಳ ಗೂಡು ಮುಚ್ಚಿಹೋಗಿತ್ತು.

"ಅಕ್ಕಾ, ಮರಿ ನಡುಗ್ತಿದೆ. ನಿನ್ನ ಬಾಯಲ್ಲೇ ಮಲಗ್ತೀವಿ, ಚಳಿ ಕಳೆಯೋವರೆಗೆ."

ಕರಡಿ ಮಲಗಿದರೆ ಗುಹೆಯ ಬಾಯಿ ಪೂರಾ ಮುಚ್ಚಿಹೋಗುತ್ತದೆ. ಗಾಳಿ ಒಳಗೆ ಬರಲಾರ. ಗುಹೆಗೆ ಅದು ಗೊತ್ತಿತ್ತು. ಅಷ್ಟರಲ್ಲಿ ಮರಿ ಸೀನಿತು.

"ಮಲಗಿ," ಅಂದಿತು ಗುಹೆ.

ಗಾಳಿ ಬಂದ. "ಏನೇ, ಕೊನೆಗೂ ಬಾಗಿಲು ಸಿಕ್ಕಿತಾ?" ಕೂಗಿದರೆ ಮರಿಗೆ ಎಚ್ಚರವಾಗುತ್ತದೆ. ಗುಹೆ ಸುಮ್ಮನಿತ್ತು. "ಮುನಿಸಾ?" ಗಾಳಿ ಮತ್ತೆ ಕರೆದ. ಗುಹೆ ಮರಿಯ ಉಸಿರಾಟವನ್ನೇ ಆಲಿಸಿತು. ಗಾಳಿ ಹೊರಟುಹೋದ.

ಹೊಸ ಉಸಿರಿಲ್ಲದೆ ಆ ಬೇಸಿಗೆಯಲ್ಲಿ ಮೇಲಿನ ಮೂರು ಪಟ್ಟೆ ಕರಗಿದವು. ಅವುಗಳ ಧೂಳೆಲ್ಲ ಒಂದೇ ಗೆರೆಯಾಗಿ ಕೂತಿತು.

ಮರುವರ್ಷ ಗಾಳಿ ಬಂದು ಪಟ್ಟೆಗಳ ಮೇಲೆ ಕೈಯಾಡಿಸಿದ. "ಇಲ್ಲಿದ್ದ ಮೂರು ಪಟ್ಟೆ ಎಲ್ಲಿ?"

"ಹೊರಗೆ ನೋಡು," ಅಂದಿತು ಗುಹೆ.

ಇಳಿಜಾರಿನಲ್ಲಿ ಕರಡಿಮರಿ ಹಿಮದ ಮೇಲೆ ಉರುಳಾಡುತ್ತಿತ್ತು. ಗಾಳಿ ಕಪ್ಪು ಗೆರೆಯ ಮೇಲೆ ಬಹಳ ಹೊತ್ತು ಕೈಯಿಟ್ಟುಕೊಂಡೇ ಇದ್ದ.

ಅದಕ್ಕೇ, ಹಿಮಗುಹೆಯ ಗಡ್ಡೆ ಕೊರೆದು ಓದುವವರಿಗೆ ಇಂದಿಗೂ ಬಿಳಿ ಪಟ್ಟೆಗಳ ನಡುವೆ ಒಂದು ಕಪ್ಪು ಗೆರೆ ಸಿಗುತ್ತದೆ: ಗುಹೆ ಕಳಕೊಂಡದ್ದು ಮೂರು ವರ್ಷದ ಉಸಿರು, ಒಂದು ಮಾಗಿಯ ಭೇಟಿ; ಅವು ಮತ್ತೆ ಸಿಗಲಿಲ್ಲ.