ಸಾಯದ ಕಳ್ಳ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಾನೊಂದು ಪಾತ್ರದಾಟ ಕಟ್ಟಿದ್ದೇನೆ. ನಾನು ಕತೆ ನಡೆಸುತ್ತೇನೆ, ಆಡುವವರು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯುತ್ತಾರೆ. ನಿಯಮ ಸರಿಯಿಲ್ಲವೆಂದು ಎಲ್ಲರೂ ದೂರುತ್ತಿದ್ದರು. ಅವರು ಕೇಳಿದಂತೆಲ್ಲ ತಿದ್ದಿದೆ. ಈಗ ಎಲ್ಲರೂ ಸುಮ್ಮನಾಗಿದ್ದಾರೆ, ಒಬ್ಬನನ್ನು ಬಿಟ್ಟು. ಅವನು ದಿನವೂ ಜಗಳಕ್ಕೆ ಬರುತ್ತಾನೆ. ಅವನನ್ನು ಸುಮ್ಮನಾಗಿಸಲು ಇನ್ನು ಯಾವ ನಿಯಮ ಬದಲಿಸಲಿ?"

ಇಷ್ಟು ಹೇಳುವಷ್ಟರಲ್ಲಿ ಅವನು ಎರಡು ಸಲ ಎದ್ದು ಕೂತಿದ್ದ. ಗುರುಗಳು ಹೇಳಿದರು: "ಮೊದಲು ನಿನ್ನ ಕಾಲು ಕುಣಿಯುವುದು ನಿಲ್ಲಲಿ. ಆಮೇಲೆ ಈ ಕತೆ ಕೇಳು."

ಹೊಳೆ ದಂಡೆಯ ಊರಿನಲ್ಲಿ ಆಟ ನಡೆಸುವವನೊಬ್ಬನಿದ್ದ. ಸಂಜೆಯಾದರೆ ಛತ್ರದ ಜಗಲಿಯ ಮೇಲೆ ಚಾಪೆ ಹಾಸುತ್ತಿದ್ದ. "ಮುಂದೆ ಕಾಡು, ಕಾಡಿನಲ್ಲಿ ಹುಲಿಯ ಹೆಜ್ಜೆ. ಏನು ಮಾಡುತ್ತೀರಿ?" ಎಂದು ಕೇಳುತ್ತಿದ್ದ. ಚಾಪೆಯ ಸುತ್ತ ಕೂತವರಲ್ಲಿ ಒಬ್ಬ ವ್ಯಾಪಾರಿ ಮಂತ್ರಿಯಾಗುತ್ತಿದ್ದ, ಮೇಷ್ಟ್ರು ವೈದ್ಯರಾಗುತ್ತಿದ್ದರು, ಅಂಬಿಗ ಕಳ್ಳನಾಗುತ್ತಿದ್ದ. ಹೊರಟ ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ಕವಡೆ ಹೇಳುತ್ತಿತ್ತು. ಕವಡೆಗಳೆಲ್ಲ ಬೋರಲು ಬಿದ್ದರೆ ಆ ಪಾತ್ರ ಸತ್ತಂತೆ. ಅದನ್ನು ಆಡಿದವನು ಮರುದಿನ ಹೊಸ ಪಾತ್ರ ಹಿಡಿಯಬೇಕು. ಪಾತ್ರವೊಂದು ಸತ್ತ ಸಂಜೆ ಯಾರೂ ಎಲೆ ಅಡಿಕೆ ಹಾಕದೆ ಎದ್ದು ಹೋಗುವುದು ಅವರ ರೂಢಿಯಾಗಿತ್ತು.

ಒಂದು ಸಂಜೆ ಮಂತ್ರಿ ಸತ್ತ. ವ್ಯಾಪಾರಿಗೆ ಮೊದಲು ಕಣ್ಣಲ್ಲಿ ನೀರು ಬಂತು, ಆಮೇಲೆ ಸಿಟ್ಟು ಬಂತು. ಒಂದು ಮಳೆಗಾಲ ಪೂರ್ತಿ ಸಾಕಿದ ಮಂತ್ರಿಯನ್ನು ಜುಜುಬಿ ಕವಡೆ ಕೊಂದಿತೆಂದು ಕೂಗಾಡಿದ. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದ. ಆ ಚಾಪೆ ಬಿಟ್ಟರೆ ಆಟ ನಡೆಸುವವನಿಗೆ ಬೇರೆ ಬದುಕಿರಲಿಲ್ಲ. ಆಡುವವರು ಎದ್ದು ಹೋದರೆ ಅವನು ಊರಿಗೆ ಯಾರೂ ಅಲ್ಲ. ಮರುದಿನವೇ ನಿಯಮ ಬದಲಾಯಿಸಿದ: ಕವಡೆ ಬೋರಲು ಬಿದ್ದರೆ ಸಾವಿಲ್ಲ, ಗಾಯ ಮಾತ್ರ.

ಸತ್ತ ಮಂತ್ರಿ ಎದ್ದು ಕೂತ. ಅಂದಿನಿಂದ ಯಾರಿಗೂ ಎಲೆ ಅಡಿಕೆ ತಪ್ಪಲಿಲ್ಲ. ಈಗ ಮೇಷ್ಟ್ರು ಗೊಣಗಿದರು, ಮಂತ್ರಿ ಸುಮ್ಮಸುಮ್ಮನೆ ಹುಲಿಯ ಬಾಯಿಗೆ ತಲೆ ಕೊಡುತ್ತಿದ್ದಾನೆ, ವೈದ್ಯನಿಗೇನು ಬೆಲೆ ಎಂದು. ಸರಿ, ಗಾಯವಾದವನು ಕೈಲಿದ್ದುದನ್ನು ಕಳೆದುಕೊಳ್ಳಲಿ ಎಂದ ಆಟ ನಡೆಸುವವನು. ಅಂಬಿಗನ ಕಳ್ಳನ ಬಳಿ ಇದ್ದದ್ದು ಒಂದೇ ಒಂದು ಹಗ್ಗ, ಅದೂ ಹೋಯಿತು. ಅಂಬಿಗ ರಂಪ ಮಾಡಿದ. ಸರಿ, ಒಂದೇ ವಸ್ತು ಇದ್ದವನಿಗೆ ಈ ನಿಯಮವಿಲ್ಲ ಎಂದು ಆಟ ನಡೆಸುವವನು ಮತ್ತೆ ತಿದ್ದಿದ. ಮರುದಿನ ಎಲ್ಲರೂ ಒಂದೊಂದೇ ವಸ್ತು ಹಿಡಿದು ಬಂದರು, ಜಾಣರು! ಮೂಗಿಗಿಂತ ಮೂಗುತಿ ಭಾರವಾಯಿತು. ನಿಯಮ ಹೇಳಿ ಮುಗಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುತ್ತಿತ್ತು.

ಆಟ ನಡೆಸುವವನಿಗೆ ಊಟ ರುಚಿಸಲಿಲ್ಲ. ಕೂತಲ್ಲಿ ಕೂರಲಾಗಲಿಲ್ಲ. ದಾರಿಯಲ್ಲಿ ಯಾರಾದರೂ ಕೈ ಬೀಸಿದರೆ ಇನ್ನೊಂದು ದೂರು ಬಂತೆಂದು ಬೆಚ್ಚುತ್ತಿದ್ದ. ಎಲ್ಲರಿಗಿಂತ ಹೆಚ್ಚು ಕಾಡಿದವನು ಅಂಬಿಗ. ಅವನನ್ನು ಹೊಳೆ ದಾಟಿಸುವಾಗ ನಡುನೀರಿನಲ್ಲಿ ಹುಟ್ಟು ನಿಲ್ಲಿಸಿ, ತನ್ನ ಕಳ್ಳ ಆ ಗೋಡೆ ಹಾರಬಹುದಿತ್ತೆಂದು ವಾದಕ್ಕಿಳಿಯುತ್ತಿದ್ದ. ದೋಣಿ ನೀರಿನ ಸೆಳೆತಕ್ಕೆ ಎತ್ತಲೋ ಹೋಗುತ್ತಿತ್ತು. ಅವನಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ.

ಕಡೆಗೆ ಆಟ ನಡೆಸುವವನು ಬೇಸತ್ತು ಒಂದು ನಿಯಮ ಮಾಡಿದ: ಕವಡೆ ಬಿದ್ದದ್ದು ಇಷ್ಟವಾಗದಿದ್ದರೆ, ಇಷ್ಟವಾಗುವವರೆಗೆ ಮತ್ತೆ ಹಾಕಬಹುದು. ಅಂದಿನಿಂದ ಯಾರಿಗೂ ಎಲೆ ಅಡಿಕೆ ತಪ್ಪಲಿಲ್ಲ. ಏನಾದರೂ ದೂರಿದೆಯೇ ಎಂದು ಕೇಳಿದ. ಯಾರಿಗೂ ಇರಲಿಲ್ಲ. ಅಂಬಿಗ ಕೂಡ ಇಲ್ಲವೆಂದು ತಲೆಯಾಡಿಸಿದ. ಪುಣ್ಯಾತ್ಮನಿಗೆ ಎಷ್ಟು ಸಂತೋಷ! ದೂರೇ ಇಲ್ಲದ ಆಟ ಕಟ್ಟಿದೆನೆಂದು ಹೆಂಡತಿಯ ಮುಂದೆ ಹೇಳಿಕೊಂಡು ಹೊಟ್ಟೆ ತುಂಬ ಉಂಡ.

ಮರುದಿನ ಅಂಬಿಗ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವ್ಯಾಪಾರಿ ಬಂದ, ಆದರೆ ಕವಡೆ ಉರುಳುತ್ತಿರುವಾಗ ಮೇಷ್ಟ್ರೊಡನೆ ಬೆಲ್ಲದ ಧಾರಣೆ ಮಾತಾಡುತ್ತಿದ್ದ. ಕವಡೆ ಹೇಗೆ ಬಿತ್ತೆಂದು ಇಬ್ಬರೂ ನೋಡಲಿಲ್ಲ. ಆಟ ನಡೆಸುವವನಿಗೆ ಭಯವಾಯಿತು. ಆಟವನ್ನು ನಡುವೆಯೇ ಬಿಟ್ಟು ಹೊಳೆಯ ಕಡೆ ಓಡಿದ.

ಅಂಬಿಗ ದೋಣಿಯೊಳಗಿನ ನೀರನ್ನು ಮೊಗೆದು ಚೆಲ್ಲುತ್ತಿದ್ದ.

"ಯಾಕಪ್ಪಾ ಬರ್ಲಿಲ್ಲ? ನೀನು ಕೇಳಿದ್ದನ್ನೆಲ್ಲ ಕೊಟ್ಟೆನಲ್ಲ. ಇನ್ನೇನು ಕೊರತೆ?"

"ಕೊರತೆ ಏನೂ ಇಲ್ಲ ಯಜಮಾನ್ರೇ. ಮುಂಚೆ ಹಗಲೆಲ್ಲ ನನ್ ಕಳ್ಳ ಈ ದೋಣೀಲಿ ನನ್ ಜೊತೆ ಕೂತಿರ್ತಿದ್ದ. ಇವತ್ತು ಸಂಜೆ ಏನಾಗ್ತಾನೋ ಅಂತ ನಂಗೆ ಅವನದೇ ಯೋಚ್ನೆ. ಅದಕ್ಕೇ ನಿಮ್ ಹತ್ರ ಅಷ್ಟು ಜಗಳ ಆಡ್ತಿದ್ದೆ. ಈಗ ಅವನಿಗೇನೂ ಆಗಲ್ಲ ಅಂತ ಗೊತ್ತಲ್ಲ, ನೆನಪಿಗೇ ಬರಲ್ಲ."

"ಹಳೇ ನಿಯಮಾನೇ ತರ್ತೀನಿ. ಇವತ್ತೇ ತರ್ತೀನಿ. ಬಾ." ಆಟ ನಡೆಸುವವನು ದೋಣಿಯ ಅಂಚು ಹಿಡಿದುಕೊಂಡ.

ಅಂಬಿಗನಿಗೂ ಸಂಕಟವಾಯಿತು. ನೀರು ಮೊಗೆಯುವುದನ್ನು ನಿಲ್ಲಿಸಿದ.

"ತನ್ನಿ ಯಜಮಾನ್ರೇ. ಆದ್ರೆ ಸಾಯೋಕೆ ನನ್ ಹತ್ರ ಈಗ ಯಾರಿದಾರೆ?"

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಹಾಗಾದರೆ ನಾನು ಯಾರ ಮಾತನ್ನೂ ಕೇಳಬಾರದಿತ್ತೇ? ನಿಯಮ ತಿದ್ದಿದ್ದೇ ತಪ್ಪೇ? ಆ ಒಬ್ಬನ ಬಾಯಿ ಮುಚ್ಚಿಸುವುದು ಹೇಗೆಂದಷ್ಟೇ ನಾನು ಕೇಳಿದ್ದು!"

ಗುರುಗಳು ಹೇಳಿದರು: "ಮಗೂ, ನಿನ್ನ ಆಟವನ್ನು ಇನ್ನೂ ಆಡುತ್ತಿರುವವನು ಅವನೊಬ್ಬನೇ."